ಹೆಬ್ಬಾಳದ ಕಲ್ಲು ಮತ್ತು ಅಗೆತದ ಕಾವಲು

ವಿಮಾನದಲ್ಲಿ ತಾಯ್ನಾಡಿಗೆ ಬಂದಿಳಿಯುವ ಹೊರನಾಡ ಕನ್ನಡಿಗರು ದೇವನಹಳ್ಳಿಯಿಂದ ಬೆಂಗಳೂರಿನೊಳಕ್ಕೆ ಹೋಗುವಾಗ ಬಹುಮಟ್ಟಿಗೆ ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿಯೇ ಹೋಗುತ್ತಾರೆ. ಆ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ಮೇಲೆ ಬಂದಿತು. ಗಂಗರ ಶ್ರೀಪುರುಷನು ಆಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 750ರ ಸುಮಾರಿನಲ್ಲಿ, ರಟ್ಟವಾಡಿಯವರೊಡನೆ ನಡೆದ ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಬೆಂಗಳೂರು ನಗರದಲ್ಲಿ ದೊರೆತ ಕನ್ನಡ ಶಾಸನಗಳಲ್ಲೆಲ್ಲಾ ಇದೇ ಹಳೆಯದೆಂದು ಎಣಿಸಲಾಗಿದೆ. ಕೆಂಪೇಗೌಡರು ಕೋಟೆ ಕಟ್ಟಿದ 1537ನೆಯ ಇಸವಿಗೆ ಇದು ಸುಮಾರು ಎಂಟುನೂರು ವರ್ಷ ಹಿರಿಯದು!

ಶಾಸನದಲ್ಲಿ ಊರಿನ ಹೆಸರು ಪೆರ್ಬೊಳಲು ನಾಡು ಮೂವತ್ತು. ‘ಪೆರ್’ ಎಂದರೆ ಹಿರಿದು. ಹಳಗನ್ನಡದ ಪಕಾರ ಹಕಾರವಾಗಿ ಹೆಬ್ಬೊಳಲು, ಹೆಬ್ಬಾಳವೆಂದು ಆಗಿರುವುದು ಸಹಜವೇ. ‘ಮೂವತ್ತು’ ಎಂಬುದು ಆ ನಾಡಿಗೆ ಸೇರಿದ ಹಳ್ಳಿಗಳ ಎಣಿಕೆ. ಇಂದು ಬಸ್ಸು ಲಾರಿಗಳ ಗದ್ದಲದಲ್ಲಿ ಮುಳುಗಿರುವ ಜಾಗ ಹನ್ನೆರಡು ಶತಮಾನಗಳಿಗೂ ಹಿಂದೆ ಮೂವತ್ತು ಹಳ್ಳಿಗಳ ಒಂದು ಒಕ್ಕಲುನಾಡಾಗಿತ್ತೆಂಬುದು ಈ ಕಲ್ಲಿನಿಂದ ನಮಗೆ ತಿಳಿಯಿತು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಇದು ಇರಲಿಲ್ಲ. ಮಣ್ಣಿನಡಿ ಇದ್ದುದನ್ನು ಅವರಾದರೂ ಹೇಗೆ ಕಂಡಾರು?

ಕಲ್ಲಿನಲ್ಲಿ ಅಕ್ಷರವಿತ್ತು, ನೋಡಿದವರ ಕಣ್ಣಿಗೆ ಬಿತ್ತು, ಶಾಸನಾಸಕ್ತರಿಗೆ ಸುದ್ದಿ ಮುಟ್ಟಿತು, ಉಳಿಯಿತು. ಅಕ್ಷರವಿಲ್ಲದ್ದರ ಗತಿಯೇನು? ಹಳ್ಳಿಯ ನಿಜವಾದ ಚರಿತ್ರೆ ಇರುವುದು ಅದರಲ್ಲೇ. ನಮ್ಮ ಅಜ್ಜಂದಿರ ಕಾಲದವರೆಗೂ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು. ಅಂಥ ಹಗೇವೊಂದು ಹಾಳಾಗಿ ಮಣ್ಣು ತುಂಬಿಕೊಂಡರೆ, ಮುಂದೆ ಪಾಯ ತೋಡುವಾಗ ಗೋಡೆಯಂತೆ ನಿಂತ ಮಣ್ಣಿನಲ್ಲಿ ಬೇರೆ ಬಣ್ಣದ ಗುಡಾಣದಂತೆ ಕಾಣಿಸುತ್ತದೆ. ಮನೆಯ ಕಂಬ ಕೊಳೆತುಹೋದರೂ ನೆಟ್ಟ ಜಾಗದಲ್ಲಿ ದುಂಡನೆಯ ಕಪ್ಪು ಕಲೆ ಉಳಿಯುತ್ತದೆ. ಕಂದಾಯ ದಾಖಲೆಗಳಲ್ಲಿ ‘ಬೇಚಿರಾಕ್’ ಗ್ರಾಮವೆಂಬ ಮಾತುಂಟು. ದೀಪವಿಲ್ಲದ, ಅಂದರೆ ಜನ ಬಿಟ್ಟುಹೋದ ಊರು. ಎಷ್ಟು ಸೊಗಸಾದ, ಎಷ್ಟು ದುಃಖದ ಪದ! ಮೇಲೆ ಹೊಲ, ಅಡಿಯಲ್ಲಿ ಊರು.

ಇದನ್ನೆಲ್ಲ ಗುರುತಿಸಲು ಪ್ರಾಕ್ತನಜ್ಞನೊಬ್ಬ ಅಗೆಯುವ ಯಂತ್ರದ ಪಕ್ಕದಲ್ಲಿ ನಿಲ್ಲಬೇಕು. ಯಂತ್ರದ ಬಕೆಟ್ಟಿಗೆ ಹಲ್ಲಿರಬಾರದು. ಹಲ್ಲು ಮಣ್ಣನ್ನು ಕೆದಕಿ ಕಲೆಗಳನ್ನು ಅಳಿಸಿಬಿಡುತ್ತದೆ. ಮೇಲ್ಮಣ್ಣನ್ನು ತೆಳುವಾಗಿ ಪದರ ಪದರವಾಗಿ ಹೆರೆಯಬೇಕು. ಕಲೆ ಕಂಡೊಡನೆ ಯಂತ್ರ ನಿಲ್ಲಬೇಕು; ಆತ ಕರಣೆ ಹಿಡಿದು ಇಳಿದು, ಆಳ ಅಳೆದು, ನಕ್ಷೆ ಬರೆದು, ಮಡಕೆ ಚೂರುಗಳನ್ನು ಅವು ಸಿಕ್ಕ ಪದರದ ಗುರುತಿನೊಡನೆ ಚೀಲಕ್ಕೆ ಹಾಕುತ್ತಾನೆ. ಎಷ್ಟೋ ಸಲ ಏನೂ ಸಿಗುವುದಿಲ್ಲ. ಏನೂ ಇಲ್ಲವೆಂದು ಬರೆದಿಡುವುದೂ ಅವನ ಕೆಲಸವೇ.

ಇಂಥ ಕಾವಲನ್ನು ರೂಢಿಗೆ ತಂದ ದೇಶಗಳುಂಟು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ವಾರಮ್ ಪರ್ಸಿ ಎಂಬ ಪಾಳುಬಿದ್ದ ಹಳ್ಳಿಯನ್ನು ಮಾರಿಸ್ ಬೆರೆಸ್ಫರ್ಡ್, ಜಾನ್ ಹರ್ಸ್ಟ್ ಎಂಬ ವಿದ್ವಾಂಸರು 1950ರಿಂದ ನಾಲ್ವತ್ತು ವರ್ಷ ಬೇಸಗೆಗೊಮ್ಮೆ ಅಗೆದು, ಅರಸರಷ್ಟೇ ಅಲ್ಲ, ಬೇಸಾಯಗಾರನ ಮನೆಗೂ ಚರಿತ್ರೆಯಿದೆಯೆಂದು ತೋರಿಸಿದರು. 1990ರಲ್ಲಿ ಅಲ್ಲಿನ ಸರಕಾರ ಹೊರಡಿಸಿದ ಮಾರ್ಗಸೂಚಿಯ ತರುವಾಯ, ಕಟ್ಟಡದ ಪರವಾನಗಿ ಕೊಡುವಾಗಲೇ ಅಗೆತದ ಮೇಲೆ ಕಣ್ಣಿಡಬೇಕೆಂಬ ಷರತ್ತು ಹಾಕುವುದು ಸಾಮಾನ್ಯವಾಯಿತು. ವೆಚ್ಚ ಕಟ್ಟಿಸುವವನದು.

ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಕಟ್ಟಡ ನಿಷೇಧ, ಅದರಾಚೆಯ 200 ಮೀಟರು ನಿಯಂತ್ರಿತವೆಂದು ಗೊತ್ತಾಯಿತು. ಗುಡಿಗೆ ಇದು ರಕ್ಷೆಯೇ ಸರಿ. ಆದರೆ ಗುಡಿ ಕಟ್ಟಿದವರ ಕೇರಿ ಆ ಗೆರೆಯ ಹೊರಗಿದ್ದರೆ? ನೆಲದಲ್ಲಿ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಕ್ಷೇಪ ಸಿಕ್ಕವನು ಜಿಲ್ಲಾ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾನೂನು ವಿಧಿಸಿತು. ಹಗೇವಿನ ಬೂದುಮಣ್ಣಿಗೆ ಹತ್ತು ರೂಪಾಯಿ ಬೆಲೆ ಯಾರು ಕಟ್ಟುತ್ತಾರೆ? ಬೆಳಗ್ಗೆ ತೋಡಿದ ಪಾಯಕ್ಕೆ ಸಂಜೆಯೊಳಗೆ ಕಾಂಕ್ರೀಟು ಬೀಳುತ್ತದೆ. ನಡುವೆ ಇರುವುದು ಒಂದು ಮಧ್ಯಾಹ್ನ.