ಮಹಾನಾಯಕ ನೋಡಿದ ಮೇಲೆ 'ವೀಸಾ' ಓದಿದ್ದು

ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ. ಬೈಯೋರು ಪೂರ್ತಿ ಓದಿ ಬೈಯಿರಿ.

2020ರ ಜುಲೈ. ಲಾಕ್‌ಡೌನ್ ಆಗಷ್ಟೇ ಸಡಿಲ ಆಗಿತ್ತು. ಜೀ ಕನ್ನಡದಲ್ಲಿ 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್' ಶುರುವಾಯ್ತು. ಹಿಂದಿಯಲ್ಲಿ ಅದು 2019ರ ಡಿಸೆಂಬರಿನಿಂದಲೇ ಬರ್ತಿತ್ತು, ನಮಗೆ ಡಬ್ ಆಗಿ ಸಿಕ್ಕಿತು. ಗೌರಿಬಿದನೂರು ತಾಲೂಕು ಅಲೀಪುರದ ಪಕ್ಕದ ನಮ್ಮ ಕಾಲೋನಿಯ ಹುಡುಗರು ತಲೆಗೆ ನೂರು ರೂಪಾಯಿ ಹಾಕಿ ಫ್ಲೆಕ್ಸ್ ಮಾಡಿಸಿದರು. ಕಟ್ಟುವ ದಿನ ತಮಟೆ ಬೇರೆ. ಒಂದು ಧಾರಾವಾಹಿಗೆ ಊರೂರಲ್ಲಿ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ದನ್ನ ನಾನಂತೂ ಅದಕ್ಕೆ ಮುಂಚೆ ನೋಡಿರಲಿಲ್ಲ. ಚಾನೆಲ್ಲಿನ ಮುಖ್ಯಸ್ಥರಿಗೆ ಬೆದರಿಕೆ ಕರೆ ಬಂದ ಸುದ್ದಿ ಪೇಪರಲ್ಲಿ ಬಂದ ಮೇಲೆ ಫ್ಲೆಕ್ಸ್ ಇನ್ನೂ ದೊಡ್ಡದಾದವು. ಕಂಬಾಲಪಲ್ಲಿ ಇರೋ ಜಿಲ್ಲೆ ನಮ್ಮದು. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಜೀವಂತ ಸುಟ್ಟ ಊರು ಅದು. ಆರೋಪಿಗಳೆಲ್ಲ ಖುಲಾಸೆಯಾದರು. ಇಂಥ ಕಡೆ ರಸ್ತೆಗೆ ಕಾಣೋ ಹಾಗೆ ಬಾಬಾಸಾಹೇಬರ ಫ್ಲೆಕ್ಸ್ ಕಟ್ಟೋದು ಬರೀ ಟಿವಿ ಹುಚ್ಚು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಅದಕ್ಕೆ ಮುಂಚೆ ಪರದೆ ಮೇಲೆ ನಮ್ಮವರು ಅಂತ ನಾವು ನೋಡಿದ್ದು ಯಾರನ್ನ? ಚೋಮನನ್ನ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಬಂದಿದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನ ಸಿನಿಮಾ ಮಾಡಿದ್ದು 1975ರಲ್ಲಿ. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮ ಆದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆ ಮುಖ ಮರೆಯೋಕಾಗಲ್ಲ, ನಿಜ. ಪುಸ್ತಕಕ್ಕೂ ಸಿನಿಮಾ ಬಹಳ ನಿಷ್ಠವಾಗಿದೆ. ನನ್ನ ತಕರಾರು ಆ ನಿಷ್ಠೆಯ ಮೇಲೇನೇ. ಎತ್ತಿದ್ದರೂ ಉಳೋಕೆ ನೆಲ ಸಿಗದ ಚೋಮ ಎರಡರಲ್ಲೂ ಬಾಗಿಲು ಹಾಕ್ಕೊಂಡು ದುಡಿ ಬಾರಿಸುತ್ತಾ ಸಾಯ್ತಾನೆ. ಅವನ ಕಿರಿ ಮಗ ನೀರಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿದ್ದವರು ಇಳಿಯಲ್ಲ. ಕಾದಂಬರಿ ಬರೋಕೆ ಆರು ವರ್ಷ ಮುಂಚೆ, 1927ರ ಮಾರ್ಚ್ 20ರಂದು, ಮಹಾಡದಲ್ಲಿ ನಮ್ಮ ಜನ ಚವದಾರ್ ಕೆರೆಗೆ ತಾವೇ ಇಳಿದು ಬೊಗಸೆಯಲ್ಲಿ ನೀರು ಕುಡಿದಾಗಿತ್ತು. ಆ ನೀರಿನ ಸುದ್ದಿ ಚೋಮನ ಗುಡಿಸಲಿಗೆ 33ರಲ್ಲೂ ಮುಟ್ಟಲಿಲ್ಲ, 75ರಲ್ಲೂ ಮುಟ್ಟಲಿಲ್ಲ.

ಬಾಬಾಸಾಹೇಬರ ಮೇಲೆ ಸಿನಿಮಾ ಇರಲಿಲ್ಲ ಅಂತಲ್ಲ. ಜಬ್ಬಾರ್ ಪಟೇಲರು ಮಮ್ಮುಟ್ಟಿ ಅವರನ್ನ ಹಾಕ್ಕೊಂಡು ಇಂಗ್ಲಿಷಲ್ಲಿ ಮಾಡಿದರು. ಕನ್ನಡದಲ್ಲೇ 2005ರಲ್ಲಿ ಒಂದು ಬಂತು. ನಮ್ಮ ಕಾಲೋನಿಗೆ ಎರಡೂ ತಲುಪಲಿಲ್ಲ. ತಲುಪಿದ್ದು ಡಬ್ ಆದ ಧಾರಾವಾಹಿ. ಡಬ್ಬಿಂಗ್ ಬಂದರೆ ಕನ್ನಡ ಸತ್ತೇ ಹೋಗುತ್ತೆ ಅಂತ ದಶಕಗಟ್ಟಲೆ ಬಾಗಿಲು ಹಾಕಿಟ್ಟಿದ್ದರಲ್ಲ, ಆ ಬಾಗಿಲ ಹಿಂದೆ ಯಾರ್‍ಯಾರ ಕತೆ ಕಾಯ್ತಾ ನಿಂತಿತ್ತು ಅಂತಲೂ ಒಮ್ಮೆ ಲೆಕ್ಕ ಹಾಕಬೇಕು. (ಇದರ ಮೇಲೆ ಜಗಳ ಬೇಕಾದವರು ಇನ್ನೊಂದು ದಿನ ಬನ್ನಿ.)

ನಮ್ಮಮ್ಮನಿಗೆ ಓದು ಬರಲ್ಲ. ಶನಿವಾರ ಸಂಜೆ ಆಯ್ತು ಅಂದರೆ ಮುಖ ತೊಳೆದು ಕೂರೋರು. ಧಾರಾವಾಹಿಯ ಭೀಮಾಬಾಯಿ ಅಂದರೆ ಅವರಿಗೆ ಪ್ರಾಣ. ಮಗ ಸ್ಕೂಲಿಂದ ಅವಮಾನ ಮಾಡಿಸ್ಕೊಂಡು ಬಂದರೆ ಆ ತಾಯಿ ಅಪ್ಪಿಕೊಳ್ತಾಳೆ, ಧೈರ್ಯ ಹೇಳ್ತಾಳೆ. ಅಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಳ್ಳೋರು. ಒಂದು ಭಾನುವಾರ ನಾನು ಬಾಯಿ ತಡೀಲಾರದೆ ಅಂದೆ, "ಅಮ್ಮ, ಅವರು ಚಿಕ್ಕ ಹುಡುಗ ಆಗಿದ್ದಾಗಲೇ ತಾಯಿ ತೀರಿಕೊಂಡಿದ್ರು. ಅವರೇ ಬರ್ಕೊಂಡಿದಾರೆ."

ಅಮ್ಮ ನನ್ನ ಕಡೆ ಹೇಗೆ ನೋಡಿದರು ಅಂದರೆ, ನಾನೇ ಸಾಯಿಸಿದ ಹಾಗೆ. "ಯಾವ ಪುಸ್ತಕ ಅದು? ತಗೊಂಬಾ."

ತಂದೆ. 'ವೇಟಿಂಗ್ ಫಾರ್ ಎ ವೀಸಾ'ದ ಕನ್ನಡ. 1930ರ ದಶಕದಲ್ಲಿ ಬಾಬಾಸಾಹೇಬರು ತಮ್ಮ ಕೈಯಾರೆ ಬರೆದಿಟ್ಟದ್ದು. ಅವರು ಇರೋವರೆಗೂ ಅಚ್ಚಾಗಲಿಲ್ಲ. ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನ ಪುಸ್ತಿಕೆ ಮಾಡಿದ್ದು 1990ರಲ್ಲಿ. ಆರು ಪ್ರಸಂಗ, ಅಷ್ಟೇ. ಒಂದು ಕೂತಲ್ಲೇ ಓದಿ ಮುಗಿಸಬಹುದು. ಅಸ್ಪೃಶ್ಯತೆ ಅಂದರೇನು ಅಂತ ಗೊತ್ತಿಲ್ಲದ ಹೊರದೇಶದವರಿಗೆ ವಿವರಿಸೋಕೆ ಬರೆದದ್ದು.

ಮಹಾನಾಯಕ ಅಂತ ಹೆಸರಿಟ್ಟ ಮೇಲೆ ಧಾರಾವಾಹಿಗೆ ನಾಯಕ ಬೇಕು. ಪುಟ್ಟ ಭೀಮ ದೊಡ್ಡವರಿಗೆ ಸವಾಲು ಹಾಕಬೇಕು, ಹಿನ್ನೆಲೆಯಲ್ಲಿ ಸಂಗೀತ ಏಳಬೇಕು, ನಮಗೆ ರೋಮಾಂಚನ ಆಗಬೇಕು. ಆಗುತ್ತೆ ಕೂಡ. ನನಗೂ ಆಗಿದೆ. ಆದರೆ ಪುಸ್ತಕ ಬರೆದ ಮನುಷ್ಯ ತನ್ನನ್ನ ಎಲ್ಲೂ ನಾಯಕ ಮಾಡಿಕೊಂಡಿಲ್ಲ. 1901ರ ಆ ಪ್ರಯಾಣ ನೋಡಿ. ತಂದೆ ಕೋರೆಗಾಂವ್‌ನಲ್ಲಿ ಕ್ಯಾಷಿಯರ್. ಬರಗಾಲದವರಿಗೆ ಕೂಲಿ ಕೊಡೋಕೆ ಸರ್ಕಾರ ಅಲ್ಲಿ ಕೆರೆ ಕಟ್ಟಿಸ್ತಿತ್ತು. ಬೇಸಿಗೆ ರಜೆಗೆ ಹೊರಟವರು ಭೀಮ, ಅಣ್ಣ, ತೀರಿಕೊಂಡ ಅಕ್ಕನ ಇಬ್ಬರು ಗಂಡುಮಕ್ಕಳು. ಹೊಸ ಅಂಗಿ, ಹೊಸ ಟೋಪಿ, ಹೊಸ ಶೂ. ಮಸೂರು ಸ್ಟೇಷನ್ನಲ್ಲಿ ಇಳಿದರೆ ಕರೆಯೋಕೆ ಯಾರೂ ಬಂದಿಲ್ಲ. ಮಹಾರರು ಅಂತ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ಟರ್ ಮುಖ ಬದಲಾಯ್ತು. ಗಾಡಿಯವರು ಯಾರೂ ಬರಲ್ಲ ಅಂದರು. ಕೊನೆಗೆ ಒಪ್ಪಂದ ಏನು ಅಂದರೆ, ಎರಡು ಪಟ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ!

ಈ ಎರಡು ಪಟ್ಟು ಬಾಡಿಗೆಯನ್ನ ಅವರು ಮರೆತಿಲ್ಲ, ಬರೆದಿಟ್ಟಿದಾರೆ. ಜಾತಿ ಅಂದರೆ ಬೈಗುಳ, ಹೊಡೆತ ಅಂತ ಪರದೆ ಚೆನ್ನಾಗಿ ತೋರಿಸುತ್ತೆ. ಜಾತಿ ಅಂದರೆ ಲೆಕ್ಕಾಚಾರ ಅನ್ನೋದನ್ನ ತೋರಿಸೋಕೆ ಪುಸ್ತಕ ಬೇಕಾಯ್ತು. ಮೈಲಿಗೆಗೂ ರೇಟು ಇದೆ, ಆ ರೇಟು ಕೊಡಬೇಕಾದವರು ನಾವು.

ಬುತ್ತಿ ಇದೆ, ಹಸಿವಿದೆ, ನೀರಿಲ್ಲ. ಸಿಕ್ಕಿದ್ದು ದನದ ಗಂಜಲ, ಸಗಣಿ ಬೆರೆತ ಕೆಸರು ನೀರು. ರಾತ್ರಿ ಸುಂಕದ ಕಟ್ಟೆ ಹತ್ತಿರ ಗಾಡಿಯವನು ಹೇಳಿಕೊಟ್ಟ: ಮುಸಲ್ಮಾನರು ಅಂತ ಹೇಳಿ. ಭೀಮ ಹೋಗಿ ಉರ್ದುವಿನಲ್ಲೇ ನೀರು ಕೇಳಿದ. ಸುಂಕದವನು, ಬೇಕಾದರೆ ಗುಡ್ಡದ ಮೇಲಿದೆ, ಹೋಗಿ ತಗೋ ಅಂದ. ಬುತ್ತಿ ಬಿಚ್ಚದೆ ಹಾಗೇ ಮಲಗಿದರು. ಒಂಬತ್ತು ವರ್ಷದ ಹುಡುಗ ಸವಾಲು ಹಾಕಲಿಲ್ಲ. ಬಚಾವಾಗೋಕೆ ಸುಳ್ಳು ಹೇಳಿದ, ಸುಳ್ಳೂ ಕೈಹಿಡಿಯಲಿಲ್ಲ.

ಅವತ್ತು ಓದು ಕೇಳೋಕೆ ಏಳೆಂಟು ಜನ ಸೇರಿದ್ದರು. ಅಲೀಪುರದಿಂದ ನನ್ನ ಗೆಳೆಯನೂ ಬಂದಿದ್ದ. ಅಲ್ಲಿಯ ಬಹಳ ಜನರ ಹಾಗೆ ಅವನದೂ ಹರಳಿನ ಕೆಲಸ. ಅಲೀಪುರ ಶಿಯಾ ಮುಸ್ಲಿಮರ ಊರು. ಮೊಹರಂನಲ್ಲಿ ಕರ್ಬಲಾದ ಬಾಯಾರಿಕೆ ನೆನೆದು ಅಳುವ ಊರು. ಆ ದಿನಗಳಲ್ಲಿ ರಸ್ತೆಯಲ್ಲಿ ಹೋಗೋರಿಗೆ ಶರಬತ್ತು ಕೊಡ್ತಾರೆ. ಚಿಕ್ಕವರಿದ್ದಾಗ ನಾವೂ ಕುಡಿದಿದ್ದೀವಿ, ಯಾವ ಜನ ಅಂತ ಯಾರೂ ಕೇಳ್ತಿರಲಿಲ್ಲ. ಅದೇ ವಯಸ್ಸಲ್ಲಿ ನನಗೆ ಒಂದು ಹೋಟೆಲಿನಲ್ಲಿ ಲೋಟ ಕೊಡದೆ ಕೈಗೆ ನೀರು ಹೊಯ್ದಿದ್ದರು. ಎರಡೂ ನೆನಪಿದೆ.

ಹಾಗಾಗಿ ನಾಲ್ಕನೇ ಪ್ರಸಂಗ ಬಂದಾಗ ನನ್ನ ಗಂಟಲು ಕಟ್ಟಿತು. 1934, ದೌಲತಾಬಾದ್ ಕೋಟೆ. ರಂಜಾನ್ ತಿಂಗಳು. ಬಾಬಾಸಾಹೇಬರು, ಜತೆಗೆ ಸುಮಾರು ಮೂವತ್ತು ಜನ. ಬಾಗಿಲ ಹತ್ತಿರದ ಕೊಳದಲ್ಲಿ ಕೈಕಾಲು ಮುಖ ತೊಳೆದರು. ಒಬ್ಬ ಮುದುಕ ಓಡಿ ಬಂದು ಕೊಳ ಕೆಡಿಸಿದರು ಅಂತ ಕೂಗಿದ. ಸೇರಿದವರೆಲ್ಲ ಮುಸ್ಲಿಮರು. ನಾವು ಮುಸಲ್ಮಾನರಾದರೂ ಹೀಗೇ ತಡೀತೀರಾ ಅಂತ ಇವರು ಕೇಳಿದ್ದಕ್ಕೆ ಉತ್ತರವಿಲ್ಲ. ಕೊನೆಗೆ ಎಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ ಒಳಗೆ ಬಿಟ್ಟರು, ಕಾವಲಿಗೆ ಬಂದೂಕಿನ ಸಿಪಾಯಿ. ಬರೋಡಾದ ಪ್ರಸಂಗದಲ್ಲಿ ದೊಣ್ಣೆ ಹಿಡಿದು ಬಂದವರು ಪಾರ್ಸಿಗಳು. ಅಸ್ಪೃಶ್ಯತೆ ಹಿಂದೂಗಳ ಮನೆಯಲ್ಲಿ ಹುಟ್ಟಿ ಎಲ್ಲರ ಮನೆಗೂ ನಡೆದು ಹೋಗಿದೆ ಅಂತ ಈ ಪುಸ್ತಕ ಹೇಳುತ್ತೆ. ಬಾಬಾಸಾಹೇಬರು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದಿಂದ ಬಿದ್ದು ಕಾಲು ಮುರಿದುಕೊಂಡದ್ದರಲ್ಲಿ ನಮ್ಮವರ ಪಾಲನ್ನೂ ಬಿಟ್ಟಿಲ್ಲ. ಟಾಂಗಾದವರು ಬರಲ್ಲ ಅಂದಾಗ, ಅತಿಥಿಯನ್ನ ನಡೆಸಿಕೊಂಡು ಹೋದರೆ ಮರ್ಯಾದೆ ಹೋಗುತ್ತೆ ಅಂತ, ಹೊಡೆಯೋಕೆ ಬರದವನನ್ನ ಕೂರಿಸಿದರು ಅಂತ ಬರೆದಿದಾರೆ.

ದೌಲತಾಬಾದ್ ಬಂದಾಗ ನಾನು ಓದು ನಿಲ್ಲಿಸಿ ಗೆಳೆಯನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಬಿಡಬೇಡ, ಅದನ್ನೂ ಓದು" ಅಂದ.

ಕಾಲೋನಿಯ ಒಬ್ಬ ಹುಡುಗನಿಗೆ ಸಿಟ್ಟು ಬಂತು. "ಅಣ್ಣಾ, ಇಷ್ಟು ವರ್ಷಕ್ಕೆ ಒಂದು ಸೀರಿಯಲ್ ಬಂದಿದೆ. ಅದರಲ್ಲೂ ತಪ್ಪು ಹುಡುಕ್ತೀಯಲ್ಲ." ಅವನ ಮಾತಲ್ಲಿ ಸತ್ಯ ಇದೆ. 1990ರಿಂದ ಇದ್ದ ಪುಸ್ತಕ ನಮ್ಮಮ್ಮನ ಹತ್ತಿರ ಬರೋಕೆ ಮೂವತ್ತು ವರ್ಷ ಹಿಡೀತು, ಅದೂ ಧಾರಾವಾಹಿಯ ಕೈಹಿಡಿದು. ಆದರೂ ಅವನಿಗೆ ಹೇಳಿದೆ: ಕಪ್ಪಾ, ಫ್ಲೆಕ್ಸ್ ಕಟ್ಟೋಣ, ನಾನೂ ನೂರು ರೂಪಾಯಿ ಕೊಡ್ತೀನಿ. ಆದರೆ ಫ್ಲೆಕ್ಸ್ ಮೇಲಿನವರು ಸೋಲದ ಮನುಷ್ಯ. ನಿನಗೆ ನಾಳೆ ಬಾಡಿಗೆ ಮನೆ ಕೊಡಲ್ಲ ಅಂದಾಗ, ನೀನು ಹೆದರಿ ಜಾತಿ ಮುಚ್ಚಿಟ್ಟಾಗ, ನಿನ್ನ ಮೇಲೆ ನಿನಗೇ ಹೇಸಿಗೆ ಆದಾಗ, ಬರೋಡಾದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಹನ್ನೊಂದು ದಿನ ಛತ್ರದಲ್ಲಿ ಇದ್ದ ಆ ವಿದೇಶದಲ್ಲಿ ಓದಿದ ಯುವಕ ಬೇಕಾಗ್ತಾನೆ. ಅವನು ಪುಸ್ತಕದಲ್ಲಿದಾನೆ.

ಹುಡುಗ ಏನೂ ಅನ್ನಲಿಲ್ಲ. ಹೋಗುವಾಗ ಪುಸ್ತಕ ಕೇಳಿ ತಗೊಂಡು ಹೋದ. ಇನ್ನೂ ವಾಪಸ್ ಕೊಟ್ಟಿಲ್ಲ.

ಅಮ್ಮ ಮಾತ್ರ ಮೊದಲನೇ ಪ್ರಸಂಗದಲ್ಲೇ ನಿಂತಿದ್ದರು. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಬೆಳಿಗ್ಗೆಯಾದರೂ ಆ ಮಕ್ಕಳಿಗೆ ನೀರು ಸಿಕ್ತೇನೋ?"

"ಹನ್ನೊಂದು ಗಂಟೆಗೆ ಕೋರೆಗಾಂವ್ ಸೇರಿದರು ಅಂತ ಇದೆ ಅಮ್ಮ."

"ಅಲ್ಲೀತನಕ ಬುತ್ತಿ ಹಂಗೇ ಇತ್ತಾ?"

ಹೂಂ ಅಂದೆ. ಅಮ್ಮ ಎದ್ದು ಹೋಗಿ ನನ್ನ ತಟ್ಟೆ ಪಕ್ಕದ ಲೋಟಕ್ಕೆ ಇನ್ನೊಂದಿಷ್ಟು ನೀರು ಹಾಕಿದರು.