ಮೊರೆ

ಪ್ರಾರ್ಥನೆ ಎಂಬ ಶಬ್ದವು ಸಂಸ್ಕೃತದಿಂದ ಬಂದು ದೇವಾಲಯದಲ್ಲಿಯೂ ಪಾಠಶಾಲೆಯಲ್ಲಿಯೂ ಸಭಾಮಂಟಪದಲ್ಲಿಯೂ ಸಮಾನ ಗೌರವವನ್ನು ಪಡೆದು ನಡೆದಿರುವಾಗ, ಹೆಚ್ಚುಕಡಮೆ ಅದೇ ಕೆಲಸಕ್ಕೆಂದು ಕನ್ನಡವು ತನ್ನ ಒಡಲಿನಿಂದಲೇ ತೆಗೆದುಕೊಟ್ಟ 'ಮೊರೆ' ಎಂಬ ಎರಡಕ್ಷರದ ಮಾತು ಬೇರೆಯೇ ಒಂದು ಬಾಳನ್ನು ಬಾಳಿದೆ. ಪ್ರಾರ್ಥನೆಯನ್ನು ಮಾಡುತ್ತೇವೆ, ಸಲ್ಲಿಸುತ್ತೇವೆ; ಮೊರೆಯನ್ನು ಇಡುತ್ತೇವೆ. ಗೋಳಿಡು, ಬೊಬ್ಬೆಯಿಡು ಎಂಬ ಮಾತುಗಳ ಸಾಲಿನಲ್ಲಿಯೇ ಮೊರೆಯಿಡು ಎಂಬುದೂ ನಿಂತಿರುವುದು ನಿಜ. ಆದರೆ ಗೋಳಿಗೆ ಕೇಳುವವನು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮೊರೆಗೆ ಕೇಳುವವನೊಬ್ಬನು ಇದ್ದೇ ತೀರಬೇಕು. ಯಾರಿಗೆ ಮೊರೆಯಿಟ್ಟೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಆ ಕ್ರಿಯಾಪದವು ಪೂರ್ಣವಾಗುವುದೇ ಇಲ್ಲ.

ನಮ್ಮ ಹಳೆಯ ಕಾವ್ಯಗಳಲ್ಲಿ ದುಂಬಿಯೂ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ; ಅಲ್ಲಿ ಅದು ಬರಿಯ ನಾದ. ನೆರೆಯ ತಮಿಳಿನಲ್ಲಾದರೋ 'ಮುಱೈ' ಎಂದರೆ ಕ್ರಮ, ನ್ಯಾಯ, ನಂಟು. ಅನ್ಯಾಯಕ್ಕೊಳಗಾದವನು ಒಡೆಯನ ಮುಂದೆ ಹೋಗಿ ದೂರಿಕೊಳ್ಳುವುದನ್ನು ಅವರು 'ಮುಱೈಯಿಡು' ಎನ್ನುತ್ತಾರೆ. ಈ ಬಳಗವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಮೊರೆಯೆಂಬುದು ಭಿಕ್ಷೆಯಲ್ಲ, ನ್ಯಾಯವನ್ನು ಸಲ್ಲಿಸಬೇಕಾದವನ ಬಾಗಿಲಿಗೆ ಹೋಗಿ ನಿಂತು ಆಡುವ ಮಾತು ಎಂಬುದು ನನಗೆ ಸ್ಪಷ್ಟವಾಗಿ ತೋರುತ್ತದೆ. ಪತ್ರಿಕೆಗಳಲ್ಲಿ ರೈತರು ನ್ಯಾಯಾಲಯದ ಮೊರೆಹೋದರೆಂದು ಓದುವಾಗ ಆ ಹಳೆಯ ಅರ್ಥವೇ ಉಸಿರಾಡುತ್ತಿರುತ್ತದೆ. ಇಂದಿನ 'ಮೊರೆಹೋಗು' ಎಂಬುದರ ಹಿಂದೆ 'ಮೊರೆಹೊಗು' ಎಂಬ ರೂಪವುಂಟು. ಹೊಗು ಎಂದರೆ ಒಳಸೇರು. ಕೂಗುತ್ತ ಕೂಗುತ್ತಲೇ ಒಳಗೆ ಸೇರಿಬಿಡುವ ಈ ಚಿತ್ರವನ್ನು ನಾವು ಹೋಗು ಎಂಬ ಸವೆದ ಪದಕ್ಕೆ ಬಿಟ್ಟುಕೊಟ್ಟದ್ದು ನನಗೆ ನಷ್ಟವೆಂದೇ ಅನಿಸುತ್ತದೆ.

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರೂ ಅವರ ಸಂಗಡಿಗರೂ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1850ರಲ್ಲಿ ದಾಸರ ಪದಗಳನ್ನೇ ಅಚ್ಚುಹಾಕಿಸಿದರು. ಆ ಪರದೇಶದ ವಿದ್ವಾಂಸರು ಈ ನೆಲದ ಭಕ್ತಿಯ ಮಾತುಗಳಿಗೆ ಕಿವಿಗೊಟ್ಟುದರಿಂದ ನಮ್ಮ ಕ್ರೈಸ್ತರಿಗೆ ಹೊಸದಾಗಿ ಟಂಕಿಸಿದ ಶಬ್ದವಲ್ಲ, ಮೊಸಳೆಯ ಬಾಯಿಗೆ ಸಿಕ್ಕ ಗಜೇಂದ್ರನೂ ಕೌರವರ ಸಭೆಯಲ್ಲಿ ನಿಂತ ದ್ರೌಪದಿಯೂ ಮೊದಲೇ ಕಣ್ಣೀರಿನಲ್ಲಿ ತೊಳೆದಿಟ್ಟಿದ್ದ ಶಬ್ದ ದೊರಕಿತು. ಕನ್ನಡದ ಕೀರ್ತನೆಗಳ ಗ್ರಂಥವನ್ನು ತೆರೆದವರಿಗೆ ಮೊರೆ ಎಂಬುದು ಮತ್ತೆ ಮತ್ತೆ ಎದುರಾಗುತ್ತದೆ. ಎದುರಾಗದೆ ಹೇಗಿದ್ದೀತು? ಹೀಬ್ರೂ ಭಾಷೆಯಲ್ಲಿ ಆ ಗ್ರಂಥಕ್ಕೆ ಸ್ತುತಿಗಳೆಂದು ಹೆಸರಿದ್ದರೂ ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಳಲಿನ ಹಾಡುಗಳೇ. 55ನೆಯದರಲ್ಲಿ, ಆಪ್ತಮಿತ್ರನೇ ದ್ರೋಹಬಗೆದನೆಂದು ಎದೆಯೊಡೆದ ಮನುಷ್ಯನೊಬ್ಬನು ಸಂಜೆ, ಮುಂಜಾನೆ, ನಡುಹಗಲು ಮೂರು ಹೊತ್ತೂ ತನ್ನ ನರಳಾಟವನ್ನೇ ದೇವರಿಗೆ ಒಪ್ಪಿಸುತ್ತಾನೆ.

ಆ ನಡುಹಗಲಿನ ಮೊರೆಯನ್ನು ಕುರಿತೇ ನನಗೆ ಹೆಚ್ಚಿನ ಮಮತೆ. ಮುಂಜಾನೆಗೆ ಹಾಡುಂಟು, ಸಂಜೆಗೆ ದೀಪವುಂಟು. ಕೆಲಸದ ನಡುವೆ, ಕೈ ಕೊಳೆಯಾಗಿರುವಾಗ, ದುಃಖವು ಒಮ್ಮೆಗೇ ಮೇಲೆ ಬಂದು ಬೀಳುವ ಹೊತ್ತಿಗೆ ಯಾವ ಸಿದ್ಧತೆಯೂ ಇರುವುದಿಲ್ಲ. ಈಜಿಪ್ಟಿನ ತಪಸ್ವಿಗಳು ಬಾಣ ಬಿಟ್ಟಂತೆ ಚುಟುಕಾಗಿ, ಆದರೆ ಪದೇ ಪದೇ ಪ್ರಾರ್ಥಿಸುತ್ತಿದ್ದರೆಂದು ಸಂತ ಅಗಸ್ಟೀನನು ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ತಿಳಿಸುತ್ತಾನೆ. ಯೆರಿಕೋವಿನ ದಾರಿಯ ಮಗ್ಗುಲಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನ ಕೂಗೂ ಅಂಥದೇ. ಸುಮ್ಮನಿರೆಂದು ಜನರು ಗದರಿಸಿದಷ್ಟೂ ಅವನು ದನಿಯೇರಿಸಿದನು, ಯೇಸು ನಿಂತನು. ಕಷ್ಟದಲ್ಲಿರುವವರಿಗೆ ಅಳಬೇಡಿ, ಸ್ತೋತ್ರ ಮಾಡಿ ಎಂದು ಬುದ್ಧಿಹೇಳುವ ಸಜ್ಜನರು ನಮ್ಮ ಸಭೆಗಳಲ್ಲಿ ಇಂದಿಗೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೂ ಅವರು ನಿಂತಿರುವುದು ಆ ಗದರಿಸಿದ ಗುಂಪಿನಲ್ಲಿಯೇ ಎಂದು ಹೇಳದೆ ನಿರ್ವಾಹವಿಲ್ಲ. ಶಿಲುಬೆಯ ಮೇಲೆ, ಮಧ್ಯಾಹ್ನದ ಮೂರು ಗಂಟೆಯ ಹೊತ್ತಿಗೆ, ಸ್ವಾಮಿ ತಾನೇ ಮಹಾಧ್ವನಿಯಿಂದ ಕೂಗಿದನಷ್ಟೆ! ಗ್ರೀಕ್ ಭಾಷೆಯಲ್ಲಿ ಬರೆದ ಮತ್ತಾಯನೂ ಮಾರ್ಕನೂ ಅರ್ಥವನ್ನಷ್ಟೇ ಕೊಟ್ಟು ಸುಮ್ಮನಾಗದೆ, ಅವನ ತಾಯಿನುಡಿಯ ಸದ್ದನ್ನು ಸದ್ದಾಗಿಯೇ ಉಳಿಸಿಕೊಂಡರು.

ಧಾರವಾಡದ ಕಡೆಯ ನಮ್ಮ ಮನೆಯಲ್ಲಿ, ಅಪ್ಪ ಹಾಸಿಗೆ ಹಿಡಿದು ಸಾಲ ಬೆಳೆದ ವರ್ಷ, ಹಣ ಕಟ್ಟಬೇಕೆಂಬ ಕಾಗದವೊಂದು ಬಂದಿತ್ತು. ಅವ್ವ ಅದನ್ನು ಯಾರಿಗೂ ತೋರಿಸದೆ ಮಡಚಿ ಬೈಬಲಿನ ಕೀರ್ತನೆಗಳ ನಡುವೆ ಇಟ್ಟಳು. ಅಶ್ಶೂರದ ಅರಸನಿಂದ ಬಂದ ಬೆದರಿಕೆಯ ಪತ್ರವನ್ನು ಯೆರೂಸಲೇಮಿನ ಹಿಜ್ಕೀಯನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಹರಡಿಟ್ಟ ಕಥೆಯನ್ನು ಅವಳು ಓದಿದ್ದಳು. ನೆನೆದೇ ಹಾಗೆ ಮಾಡಿದಳೋ, ಮುಚ್ಚಿಡಲು ಬೇರೆ ತಾಣವಿರಲಿಲ್ಲವೋ, ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಹನ್ನೆರಡರ ಸುಮಾರಿಗೆ ಜೋಳದ ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಬರುತ್ತಿದ್ದಂತೆಯೇ ನಿಲ್ಲುವುದು. ಇಣುಕಿದರೆ, ಹಿಟ್ಟಿನ ಕೈಯನ್ನು ಹಿಟ್ಟಿನ ಮೇಲೆಯೇ ಊರಿಕೊಂಡು, ಒಲೆಯ ಕಡೆಗೂ ನೋಡದೆ ಕುಳಿತಿರುತ್ತಿದ್ದಳು. "ಕರ್ತನೇ, ಇದನ್ನೊಂದೀಟು ನೋಡಪಾ." ಅಷ್ಟೇ. ಕರ್ತನೆಂಬುದು ಬೈಬಲಿನಿಂದ ಬಂದದ್ದು, ನೋಡಪಾ ಎಂಬುದು ಅವಳ ತವರಿನದು; ಗೆತ್ಸೆಮನೆಯ ತೋಟದಲ್ಲಿ ಯೇಸು ಸಂಕಟದಿಂದ 'ಅಬ್ಬಾ' ಎಂದದ್ದೂ ಅವಳ ಆ 'ಅಪಾ' ಎಂಬುದೂ ಎಷ್ಟು ಸಮೀಪದ ದನಿಗಳೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬರುವುದು. ಅವಳು ತಟ್ಟನೆ ಅದನ್ನು ತಿರುವಿಹಾಕಿ, ಇನ್ನೊಂದು ಹಿಟ್ಟಿನ ಮುದ್ದೆಯನ್ನು ಎತ್ತಿಕೊಂಡು, ಮತ್ತೆ ಬಡಿಯತೊಡಗುವಳು.