ದಾರಿಯ ನೀರು, ದಾರಿಯ ಜನ

ಪ್ರವಾಸ ಹೋದವರು ಹೋದ ಊರಿನ ನೀರಿಗೆ, ಕಾಡಿಗೆ, ಜನರಿಗೆ ಹೊರೆಯಾಗಬಾರದು ಎಂಬ ಮಾತನ್ನು ಇಂದು ಹೊಸ ವಿಚಾರವೆಂಬಂತೆ ಹೇಳಲಾಗುತ್ತದೆ. ರಜೆಯ ದಿನಗಳಲ್ಲಿ ಕೊಡಗು, ಚಿಕ್ಕಮಗಳೂರುಗಳ ಘಟ್ಟದ ತಿರುವುಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಬಾಟಲಿಗಳನ್ನು ಕಂಡವರಿಗೆ ಆ ಮಾತಿನ ತುರ್ತು ಅರ್ಥವಾಗುತ್ತದೆ. ಆದರೆ ವಿಚಾರ ಹೊಸದಲ್ಲ. ಸಾವಿರಾರು ಜನ ವರ್ಷಕ್ಕೊಮ್ಮೆ ಒಂದೇ ದಾರಿ ಹಿಡಿದು, ಮಳೆಯೇ ಅಪರೂಪವಾದ ನಾಡನ್ನು ದಾಟಬೇಕಾದಾಗ ಈ ಪ್ರಶ್ನೆ ಎದುರಾಗಲೇಬೇಕಿತ್ತು. ಹಜ್ ಯಾತ್ರೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪುಣ್ಯದ ಲೆಕ್ಕದಲ್ಲಿ ಓದುತ್ತೇವೆ. ನೀರಿನ ಲೆಕ್ಕದಲ್ಲಿ ಓದಿದರೆ ಬೇರೆಯದೇ ಕಥೆ ಸಿಗುತ್ತದೆ.

ಇರಾಕಿನ ಕೂಫಾದಿಂದ ಮಕ್ಕಾಕ್ಕೆ ಸುಮಾರು 1,400 ಕಿಲೋಮೀಟರ್. ಅಬ್ಬಾಸೀ ಖಲೀಫರು ಎಂಟನೇ ಶತಮಾನದಲ್ಲಿ ಈ ಹಾದಿಯುದ್ದಕ್ಕೂ ಮೈಲುಗಲ್ಲು ನೆಡಿಸಿದರು, ಕತ್ತಲಲ್ಲಿ ದಾರಿ ತಪ್ಪದಂತೆ ಬೆಂಕಿ ಹಚ್ಚುವ ಗೋಪುರಗಳನ್ನು ಕಟ್ಟಿಸಿದರು. ಆದರೆ ಹಾದಿಗೆ ಉಳಿದದ್ದು ಖಲೀಫರ ಹೆಸರಲ್ಲ, ಒಬ್ಬ ಹೆಣ್ಣುಮಗಳ ಹೆಸರು. ದರ್ಬ್ ಝುಬೈದಾ, ಅಂದರೆ ಝುಬೈದಾಳ ದಾರಿ. ಹಾರೂನ್ ರಶೀದನ ಪತ್ನಿಯಾದ ಈಕೆ ಕ್ರಿ.ಶ. 831ರಲ್ಲಿ ತೀರಿಕೊಂಡಳು. ಅರೇಬಿಯನ್ ನೈಟ್ಸ್ ಓದಿದವರಿಗೆ ಆಕೆ ಅರಮನೆಯ ವೈಭವದ ರಾಣಿ. ಮರುಭೂಮಿಯ ಒಂಟೆಯವನಿಗೆ ಆಕೆ ಒಂದು ಅರವಟ್ಟಿಗೆ. ಮುಖ್ಯ ತಂಗುದಾಣಗಳು 27, ಅವುಗಳ ನಡುವೆ ಸುಮಾರು ಅಷ್ಟೇ ಚಿಕ್ಕವು. ಹಲವೆಡೆ ಬಾವಿ, ಬಿರ್ಕಾ ಎಂಬ ಕಲ್ಲಿನ ಕೆರೆ.

ಈ ಬಿರ್ಕಾಗಳ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ಎಂದೋ ಒಮ್ಮೆ ಬರುವ ಮಳೆಗೆ ಹಳ್ಳದಲ್ಲಿ ನುಗ್ಗುವ ನೀರನ್ನು ತಡೆದು ಮೊದಲು ಒಂದು ಚಿಕ್ಕ ತೊಟ್ಟಿಗೆ ಹರಿಸುತ್ತಿದ್ದರು. ಹೂಳು ಅಲ್ಲೇ ತಳ ಸೇರಿ ತಿಳಿನೀರು ದೊಡ್ಡ ಕೆರೆಗೆ ಇಳಿಯುತ್ತಿತ್ತು. ಕೆಲವು ದುಂಡಗೆ, ಕೆಲವು ಚೌಕ, ಒಳಗಿಳಿಯಲು ಮೆಟ್ಟಿಲು. ನಮ್ಮ ಬಯಲುಸೀಮೆಯ ಕಲ್ಯಾಣಿಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಬಾವಿಯೊಂದನ್ನೇ ನಂಬಿ ಸಾವಿರಾರು ಒಂಟೆಗಳು ಒಮ್ಮೆಲೇ ಬಂದಿಳಿದರೆ, ವರ್ಷವಿಡೀ ಆ ಬಾವಿಯ ಸುತ್ತ ಬದುಕುವ ಕುರಿಗಾಹಿಗೆ ಉಳಿಯುವುದೇನು? ಸುಮ್ಮನೆ ಹರಿದು ಮರಳಲ್ಲಿ ಇಂಗುವ ನೀರನ್ನು ಹಿಡಿದಿಟ್ಟ ಕೆರೆ ಎಷ್ಟೋ ಜಗಳಗಳನ್ನು ತಪ್ಪಿಸಿರಬೇಕು. 1184ರಲ್ಲಿ ಈ ಹಾದಿಯಲ್ಲಿ ಸಾಗಿದ ಅಂದಲೂಸಿಯಾದ ಯಾತ್ರಿಕ ಇಬ್ನ್ ಜುಬೈರ್, ಝುಬೈದಾಳ ಕೆರೆಬಾವಿಗಳು ಇಲ್ಲದಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದಿದ್ದಾನೆ.

ದಾರಿಯ ನಡುಮಧ್ಯೆ ಫೈದ್ ಎಂಬ ಊರು. ಹಾಜಿಗಳು ಮಕ್ಕಾಕ್ಕೆ ಹೋಗುವಾಗ ಹಿಂದಿರುಗುವ ಪಯಣದ ಬುತ್ತಿಯನ್ನು ಇಲ್ಲಿನ ಮನೆಗಳಲ್ಲಿ ಇಟ್ಟು ಹೋಗುತ್ತಿದ್ದರು. ಕಾಪಾಡಿದವರಿಗೆ ಅದರಲ್ಲೇ ಒಂದು ಪಾಲು. ಊರಿನವರು ವರ್ಷವಿಡೀ ಒಂಟೆಗಳಿಗೆ ಮೇವು ಕೂಡಿಟ್ಟು, ಕಾಫಿಲಾ ಬಂದಾಗ ಮಾರಿ ಬದುಕುತ್ತಿದ್ದರು. ಬೀಗ ಹಾಕದೆ ಬಿಟ್ಟುಹೋದ ಗೋಣಿಚೀಲ ತಿಂಗಳುಗಳ ನಂತರವೂ ಹಾಗೆಯೇ ಸಿಗಬೇಕಾದರೆ, ಅತಿಥಿಗೂ ಊರಿಗೂ ನಡುವೆ ಕಾಸಿಗಿಂತ ಹೆಚ್ಚಿನದೇನೋ ಇರಬೇಕು.

ಇದೇ ಹಾದಿಯ ಇನ್ನೊಂದು ತಾಣ ರಬದಾ. ಇಲ್ಲಿ ಖಲೀಫಾ ಉಮರ್(ರ) ಅವರ ಕಾಲದ ಹಿಮಾ, ಎಂದರೆ ಕಾಯ್ದಿಟ್ಟ ಹುಲ್ಲುಗಾವಲು ಇತ್ತು. ಹಿಮಾದ ಕಾವಲುಗಾರ ಹುನೈಗೆ ಉಮರ್ ಕೊಟ್ಟ ಆದೇಶ ಹದೀಸ್ ಗ್ರಂಥಗಳಲ್ಲಿದೆ. ನಾಲ್ಕಾರು ಒಂಟೆ, ಕುರಿಗಳಿರುವ ಬಡವನನ್ನು ಒಳಗೆ ಬಿಡು, ಶ್ರೀಮಂತರಾದ ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಅವರ ಹಿಂಡುಗಳನ್ನು ಬಿಡಬೇಡ ಎಂಬುದು ಅದರ ಸಾರ. ಹುಲ್ಲು ಉಳಿಸುವುದೆಂದರೆ ಬಡವನಿಗೆ ಬೇಲಿ ಹಾಕುವುದಲ್ಲ ಎಂಬುದು ಆಗಲೇ ಗೊತ್ತಿತ್ತು. ನಮ್ಮ ಅರಣ್ಯ ಕಾನೂನುಗಳಿಗೆ ಇದು ಅರ್ಥವಾಗಲು 2006ರ ಅರಣ್ಯ ಹಕ್ಕು ಕಾಯ್ದೆ ಬರಬೇಕಾಯಿತು. ಇಹ್ರಾಮ್ ತೊಟ್ಟವನು ಬೇಟೆಯಾಡಬಾರದು, ಮಕ್ಕಾದ ಹರಮಿನಲ್ಲಿ ಹಸಿರು ಕಡಿಯಬಾರದು ಎಂಬ ನಿಯಮದಲ್ಲೂ ಇದೇ ವಿವೇಕವಿದೆ. ಪ್ರವಾದಿ(ಸ) ಈ ನಿಷೇಧವನ್ನು ಸಾರಿದಾಗ ಅಬ್ಬಾಸ್(ರ) ಎದ್ದು, ಇಝ್‌ಖಿರ್ ಹುಲ್ಲೊಂದನ್ನು ಬಿಡಿ, ಅದು ನಮ್ಮ ಕಮ್ಮಾರರಿಗೂ ಮನೆಗಳಿಗೂ ಬೇಕು ಎಂದರು. ಪ್ರವಾದಿಯವರು ಒಪ್ಪಿದರು.

ದಾರಿಯ ಜನರನ್ನು ಮರೆತಾಗ ಏನಾಯಿತೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ಡಮಾಸ್ಕಸ್‌ನಿಂದ ಹೊರಡುವ ಕಾಫಿಲಾ ದಾರಿಯ ಬದೂಯಿನ್ ಬುಡಕಟ್ಟುಗಳಿಗೆ ಹಣ, ಧಾನ್ಯ ಕೊಡುವ ವಾಡಿಕೆಯಿತ್ತು. ಇದನ್ನು ಸುಲಿಗೆ ಎಂದವರಿದ್ದಾರೆ. ತಮ್ಮ ಬಾವಿ, ಮೇವುಗಳನ್ನು ಬಳಸಿಕೊಂಡದ್ದರ ಬಾಬ್ತು ಎಂದು ಬದೂಯಿನರು ತಿಳಿದಿದ್ದರು; ನಮಗೂ ಅದೇ ಸರಿಯೆನಿಸುತ್ತದೆ. 1757ರಲ್ಲಿ ಬರಗಾಲವಿತ್ತು, ಸಲ್ಲಬೇಕಾದ್ದು ಸಲ್ಲಲಿಲ್ಲ. ಬನೂ ಸಖ್ರ್ ಮತ್ತು ಜೊತೆಯ ಬುಡಕಟ್ಟುಗಳು ಹಿಂದಿರುಗುತ್ತಿದ್ದ ಕಾಫಿಲಾದ ಮೇಲೆ ಬಿದ್ದವು. ಕತ್ತಿಗಿಂತ ಬಾಯಾರಿಕೆಗೆ ಸತ್ತವರೇ ಹೆಚ್ಚು. ಒಟ್ಟು ಸುಮಾರು 20,000 ಎಂದು ಹೇಳಲಾಗುತ್ತದೆ. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದು ಆಕಾಶದಿಂದ ಬಿದ್ದದ್ದೂ ಅಲ್ಲ.

ಮುಂದೆ 1900ರಲ್ಲಿ ಆರಂಭವಾದ ಹಿಜಾಝ್ ರೈಲು 1908ರಲ್ಲಿ ಮದೀನಾ ಮುಟ್ಟಿತು. ಹಿಂದೂಸ್ತಾನದ ಮುಸ್ಲಿಮರೂ ಅದಕ್ಕೆ ಚಂದಾ ಎತ್ತಿದ್ದರು. ಒಂಟೆ ಬಾಡಿಗೆಯಿಂದ ಬದುಕುತ್ತಿದ್ದವರ ಹೊಟ್ಟೆಯ ಮಾತನ್ನು ಅಷ್ಟಾಗಿ ಕೇಳಲಿಲ್ಲ. ಅವರು ಹಳಿ ಕಿತ್ತರು, ದಾಳಿ ಮಾಡಿದರು. ರೈಲು ಮಕ್ಕಾ ತಲುಪಲೇ ಇಲ್ಲ.

ಮುಂಬೈಯಿಂದ ಜಿದ್ದಾಕ್ಕೆ ಹಾಜಿಗಳನ್ನು ಒಯ್ಯುತ್ತಿದ್ದ ಹಡಗು 1995ರಲ್ಲಿ ನಿಂತಿತು. ಈಗ ಬೆಂಗಳೂರಿನಲ್ಲಿ ವಿಮಾನ ಹತ್ತಿದ ಹಾಜಿಗೆ ನಡುವೆ ಫೈದ್ ಇಲ್ಲ, ಬುತ್ತಿ ಇಟ್ಟುಹೋಗುವ ಮನೆಯಿಲ್ಲ. ಝುಬೈದಾ ಬೆಟ್ಟಗಳ ನಡುವಿನಿಂದ ಮಕ್ಕಾಕ್ಕೆ ತರಿಸಿದ ಕಾಲುವೆಯನ್ನು ಹದಿನಾರನೇ ಶತಮಾನದಲ್ಲಿ ಉಸ್ಮಾನೀ ಸುಲ್ತಾನ್ ಸುಲೈಮಾನನ ಮಗಳು ಮಿಹ್ರಿಮಾಹ್ ಮತ್ತೆ ಕಟ್ಟಿಸಲು ಮುಂದಾದಳು. ಇಂದು ಆ ನಗರ ಕುಡಿಯುವುದು ಕಡಲತೀರದ ಶುಐಬಾದಲ್ಲಿ ಅಪಾರ ಶಕ್ತಿ ಸುರಿದು ಉಪ್ಪು ತೆಗೆದ ಸಮುದ್ರದ ನೀರನ್ನು. ಝುಬೈದಾಳ ಕಾಲುವೆಯ ಕಲ್ಲುಕಟ್ಟಡ ಅರಫಾತಿನ ಬೆಟ್ಟದ ಅಂಚಿನಲ್ಲಿ ಈಗಲೂ ಕಾಣುತ್ತದೆ.